ಬಿಗಿದ ಹೆಗಲು, ಮೊದಲ ಚಿಕಿತ್ಸೆ

ಸೋದರಿ,

ತುರುಬು ಕಟ್ಟುವುದಕ್ಕೂ ನಾಗಂದಿಗೆಯ ಮೇಲಣ ಡಬ್ಬಿಯನ್ನು ಇಳಿಸುವುದಕ್ಕೂ ಕೈಯೆತ್ತಲಾರದ ನಿಮ್ಮ ವ್ಯಥೆಯನ್ನೂ, ಹೆಗಲು ಬಿಗಿದುಕೊಂಡಿದೆಯೆಂದು ವೈದ್ಯರು ನಿರ್ಣಯಿಸಿ ಫಿಸಿಯೋಥೆರಪಿಗೆ ಕಳುಹಿಸಿರುವ ಸಂಗತಿಯನ್ನೂ ಓದಿದೆನು. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲಿಯೂ ನಿಮ್ಮಂತೆ ಮಧುಮೇಹವುಳ್ಳವರಲ್ಲಿ, ಕೀಲನ್ನು ಆವರಿಸಿರುವ ಪೊರೆಯು ದಪ್ಪವಾಗಿ ಸಂಕುಚಿತಗೊಳ್ಳುವುದರಿಂದ ಉಂಟಾಗುವ ಈ ವ್ಯಾಧಿಯು, ಮೊದಲು ನೋವು, ಬಳಿಕ ಬಿಗಿತ, ಕಟ್ಟಕಡೆಗೆ ಸಡಿಲಿಕೆ ಎಂಬ ಕ್ರಮದಲ್ಲಿ ಸಾಗಿ, ಅನೇಕರಲ್ಲಿ 1ರಿಂದ 3 ವರ್ಷಗಳವರೆಗೂ ಉಳಿಯುವುದಾದ್ದರಿಂದ, ಹತ್ತು ದಿನಗಳಲ್ಲಿ ಗುಣವಾದೀತೆಂಬ ನಿರೀಕ್ಷೆಯನ್ನು ಈಗಲೇ ಕೈಬಿಡುವುದು ಲೇಸು.

ಫಿಸಿಯೋಥೆರಪಿಯ ಯಂತ್ರಗಳ ಮೇಲೆ ನಮ್ಮ ಜನಕ್ಕೆ ಅಪಾರ ಭಕ್ತಿ. ಆದರೆ ಶಾಖವಾಗಲಿ ವಿದ್ಯುತ್ಸ್ಪಂದನವಾಗಲಿ ನೋವನ್ನು ತಾತ್ಕಾಲಿಕವಾಗಿ ತಗ್ಗಿಸಿ ವ್ಯಾಯಾಮಕ್ಕೆ ಅನುವು ಮಾಡಿಕೊಡಬಹುದಲ್ಲದೆ, ಮನೆಯಲ್ಲಿ ನೀವು ಪ್ರತಿದಿನವೂ ಆಚರಿಸಬೇಕಾದ ಅಭ್ಯಾಸಕ್ಕೆ ಬದಲಿಯಾಗಲಾರದು. ಮಧುಮೇಹದಿಂದ ಚರ್ಮದ ಸ್ಪರ್ಶಜ್ಞಾನ ಕುಂದಿದ್ದರೆ ಶಾಖದಿಂದ ಅರಿವಿಲ್ಲದೆಯೇ ಸುಟ್ಟಗಾಯವಾದೀತು. ಪೇಸ್‌ಮೇಕರ್ ಅಳವಡಿಸಿದ್ದರೆ ವಿದ್ಯುತ್ ಚಿಕಿತ್ಸೆಯು ಅಪಾಯಕ್ಕೆ ಎಡೆಗೊಡಬಹುದು. ಇಂಥವನ್ನು, ಚಿಕಿತ್ಸಕರು ಕೇಳಲಿ ಬಿಡಲಿ, ಮೊದಲ ದಿನವೇ ತಿಳಿಸತಕ್ಕದ್ದು. ಎಕ್ಸ್‌ರೇ, ಸಕ್ಕರೆಯ ವರದಿ, ಔಷಧಿಗಳ ಪಟ್ಟಿ ಜೊತೆಗಿರಲಿ, ಉಡುಪು ಸಡಿಲವಾಗಿರಲಿ.

ನೋವಾದಷ್ಟೂ ಒಳ್ಳೆಯದೆಂಬ ನೆರೆಹೊರೆಯವರ ಉಪದೇಶವನ್ನು ಮಾತ್ರ ನಂಬಬೇಡಿರಿ. ವೇದನೆಯು ಉಲ್ಬಣಿಸಿರುವ ಹಂತದಲ್ಲಿ ಬಲಾತ್ಕಾರದಿಂದ ಕೈಯನ್ನೆಳೆದರೆ ಅದು ಇನ್ನಷ್ಟು ಕೆರಳುವುದು; ಆಗ ಮುಂದಕ್ಕೆ ಬಾಗಿ ತೋಳನ್ನು ಇಳಿಬಿಟ್ಟು ಮೆಲ್ಲನೆ ತೂಗುವಂಥ ಚಲನೆಗಳೇ ಯುಕ್ತವಾದವು. ವ್ಯಾಯಾಮಾನಂತರ ಅಲ್ಪಸ್ವಲ್ಪ ನೋವು ಸಹಜವಾದರೂ, ಅದು ಮರುದಿನವೂ ಇಳಿಯದಿದ್ದರೆ ಚಿಕಿತ್ಸಕರಿಗೆ ತಿಳಿಸಿ, ಪ್ರಮಾಣವನ್ನು ತಗ್ಗಿಸಿಕೊಳ್ಳಿರಿ.