ನಡುಕಟ್ಟನ್ನು ತಾನೇ ಬಿಗಿದುಕೊಳ್ಳುವ ವಿಚಾರ

ನಾವು ಉಡುವ ಬಟ್ಟೆಗಳಲ್ಲಿ ಕೆಲವು ಹೆಗಲಿನ ಮೇಲೆಯೂ ಕೆಲವು ನಡುವಿನ ಮೇಲೆಯೂ ನಿಲ್ಲುತ್ತವೆ. ಹೆಗಲಿನ ಮೇಲೆ ನಿಲ್ಲುವ ಬಟ್ಟೆಯನ್ನು ಎಲುಬು ಹೊರುವುದರಿಂದ ಅದಕ್ಕೆ ಬಿಗಿ ಬೇಕಾಗಿಲ್ಲ. ನಡುವಿನ ಮೇಲೆ ನಿಲ್ಲತಕ್ಕ ಬಟ್ಟೆಗಾದರೋ ಗಂಟಾಗಲಿ, ಲಾಡಿಯಾಗಲಿ, ದಾರವಾಗಲಿ ಬೇಕೇ ಬೇಕು. ಪ್ರತಿಯೊಬ್ಬ ಹುಡುಗಿಯೂ ಬೆಳಗ್ಗೆ ಎದ್ದು ಯಾರ ನೆರವೂ ಇಲ್ಲದೆ ಈ ಕಟ್ಟನ್ನು ಕಟ್ಟಿಕೊಳ್ಳುತ್ತಾಳೆ. ಹೇಗೆ ಕಟ್ಟಬೇಕೆಂಬುದನ್ನು ತಾಯಿಯು ಕಲಿಸುವಳು. ಎಷ್ಟು ಬಿಗಿಯಬೇಕೆಂಬುದನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕಲಿಸುವುದಿಲ್ಲ. ಆದುದರಿಂದ ವಾಚಕಿಯರೇ, ಈ ಪಾಠದಲ್ಲಿ ಆ ಅಳತೆಯನ್ನೇ ವಿಚಾರಿಸೋಣ.

ನಡುವನ್ನು ಬಿಗಿಯುವ ವಿದ್ಯೆಯು ಅತಿ ಹೆಚ್ಚಾಗಿ ಬೆಳೆದದ್ದು ಯೂರೋಪಿನಲ್ಲಿ. ಅಲ್ಲಿಯ ಸ್ತ್ರೀಯರು ಹಲವು ಶತಮಾನಗಳ ಕಾಲ ಕಾರ್ಸೆಟ್ ಎಂಬ ಗಟ್ಟಿಯಾದ ಒಳಕುಪ್ಪಸವನ್ನು ಧರಿಸುತ್ತಿದ್ದರು. ದಪ್ಪ ಬಟ್ಟೆಯ ಮಡಿಕೆಗಳೊಳಗೆ ತಿಮಿಂಗಿಲದ ಬಾಯಿಂದ ತೆಗೆದ ಬಳುಕುವ ಪಟ್ಟಿಗಳನ್ನಾಗಲಿ, ಉಕ್ಕಿನ ಪಟ್ಟಿಗಳನ್ನಾಗಲಿ ಸೇರಿಸಿ ಹೊಲಿದು, ಬೆನ್ನಿನ ಕಡೆಯ ಎರಡು ಅಂಚುಗಳಲ್ಲಿ ಸಾಲಾಗಿ ಕಣ್ಣುಗಳನ್ನು ಮಾಡಿ, ಅವುಗಳಲ್ಲಿ ಉದ್ದವಾದ ದಾರವನ್ನು ಪೋಣಿಸುತ್ತಿದ್ದರು. ಕಟ್ಟು ಬೆನ್ನಿನಲ್ಲಿದ್ದುದರಿಂದ ಸಿರಿವಂತರ ಮನೆಗಳಲ್ಲಿ ದಾಸಿಯು ಹಿಂದೆ ನಿಂತು ದಾರವನ್ನು ಎಳೆಯುತ್ತಿದ್ದಳು. ಆದರೆ ದಾಸಿಯಿಲ್ಲದವಳು ಏನು ಮಾಡಬೇಕು? 1829ರಲ್ಲಿ ಪ್ಯಾರಿಸಿನ ಜೋಸೆಲಿನ್ ಎಂಬವನು ಎದೆಯ ಮುಂದುಗಡೆ ಎರಡು ಭಾಗವಾಗಿ ತೆರೆಯುವ ಉಕ್ಕಿನ ಪಟ್ಟಿಯನ್ನು ಕಲ್ಪಿಸಿದನು. ಈ ರೀತಿಯು ಆ ಶತಮಾನದ ನಡುವಿನ ಹೊತ್ತಿಗೆ ಎಲ್ಲೆಡೆಯೂ ಹರಡಲು, ಹೆಂಗಸು ತಾನೊಬ್ಬಳೇ ಕಾರ್ಸೆಟ್ಟನ್ನು ತೊಟ್ಟು ಕಳಚುವುದು ಬಹಳ ಸುಲಭವಾಯಿತು.

ಅದರ ಕ್ರಮವು ಹೀಗಿದೆ. ಮೊದಲು ಬೆನ್ನಿನ ದಾರವನ್ನು ಪೂರ್ತಿಯಾಗಿ ಸಡಿಲಿಸಬೇಕು. ಬಳಿಕ ಕಾರ್ಸೆಟ್ಟನ್ನು ಮೈಗೆ ಸುತ್ತಿ ಮುಂದಿನ ಉಕ್ಕಿನ ಪಟ್ಟಿಯ ಕೊಂಡಿಗಳನ್ನು ಹಾಕಿಕೊಳ್ಳಬೇಕು. ದಾರವು ಮೇಲಿನಿಂದಲೂ ಕೆಳಗಿನಿಂದಲೂ ಕತ್ತರಿಯಂತೆ ಅಡ್ಡಡ್ಡವಾಗಿ ಬಂದು, ನಡುವಿನ ಮಟ್ಟದಲ್ಲಿ ಎರಡು ಉದ್ದವಾದ ಕುಣಿಕೆಗಳಾಗಿ ಹೊರಗೆ ಬಿಟ್ಟಿರುತ್ತದೆ. ಕೈಗಳನ್ನು ಹಿಂದಕ್ಕೆ ಒಯ್ದು, ಮೇಲಿನ ದಾರದ ಸಡಿಲನ್ನು ಒಂದೊಂದು ಅಡ್ಡಗೆರೆಯಿಂದ ಮುಂದಿನದಕ್ಕೆ ಸಾಗಿಸುತ್ತ ನಡುವಿಗೆ ಇಳಿಸಬೇಕು. ಕೆಳಗಿನದನ್ನು ಅದೇ ರೀತಿಯಾಗಿ ನಡುವಿಗೆ ಏರಿಸಬೇಕು. ಸಡಿಲೆಲ್ಲ ಕುಣಿಕೆಗಳಲ್ಲಿ ಕೂಡಿದ ಮೇಲೆ ಅವೆರಡನ್ನೂ ಎಡಬಲಕ್ಕೆ ಎಳೆದು, ಸ್ವಲ್ಪ ಹೊತ್ತು ತಡೆದು, ಬಟ್ಟೆಯು ಮೈಗೆ ಹೊಂದಿದ ನಂತರ ಮತ್ತೊಮ್ಮೆ ಎಳೆದು ಗಂಟು ಹಾಕಬೇಕು. ಕಳಚುವಾಗ ಮೊದಲು ದಾರವನ್ನು ಸಡಿಲಿಸಿಯೇ ಕೊಂಡಿಯನ್ನು ತೆಗೆಯಬೇಕು. ಇಲ್ಲವಾದರೆ ಕೊಂಡಿಯೂ ಕಣ್ಣುಗಳೂ ಹಾಳಾಗುವುವು.

ನಮ್ಮ ಸೀಮೆಯಲ್ಲಿ ಹೊರಸಿನ ಹಗ್ಗವನ್ನು ಬಿಗಿಯುವುದನ್ನು ನೋಡಿದವರಿಗೆ ಈ ಕ್ರಮವು ಹೊಸತಲ್ಲ. ಕಾಲ್ದೆಸೆಯ ಹಗ್ಗವನ್ನು ಒಂದು ತುದಿಯಲ್ಲಿ ಮಾತ್ರ ಜಗ್ಗಿದರೆ ಹೊರಸು ಬಿಗಿಯಾಗುವುದಿಲ್ಲ. ಒಂದು ಎಳೆಯ ಸಡಿಲನ್ನು ಮುಂದಿನ ಎಳೆಗೆ ಕೊಡುತ್ತ ಹೋಗಬೇಕು. ಹಾಗೆ ಮಾಡಿದರೆ ಒಬ್ಬನ ಕೈಬಲವೇ ಇಡೀ ಹೊರಸನ್ನು ಬಿಗಿಗೊಳಿಸುತ್ತದೆ. ಕಾರ್ಸೆಟ್ಟಿನಲ್ಲಿಯೂ ದಾರದ ಪ್ರತಿಯೊಂದು ಅಡ್ಡಗೆರೆಯು ಎರಡು ಅಂಚುಗಳನ್ನು ಬೇರೆಬೇರೆಯಾಗಿ ಸೆಳೆಯುತ್ತದೆ. ಹತ್ತು ಅಡ್ಡಗೆರೆಗಳಿದ್ದರೆ ಆ ಹತ್ತರ ಸೆಳೆತವೂ ಕೂಡಿ ಮೈಯನ್ನು ಒತ್ತುವುದು. ಅಪಾಯವು ಇರುವುದು ಇಲ್ಲಿಯೇ. ಕೈಗೆ ಶ್ರಮವು ಸ್ವಲ್ಪವಾಗಿ ತೋರಿದರೂ ಮೈಯ ಮೇಲೆ ಬೀಳುವ ಬಿಗಿಯು ಬಹಳವಾಗುತ್ತದೆ. ಎಳೆಯುವ ಕೈಯು ಅದರ ಲೆಕ್ಕವನ್ನು ತಿಳಿಸಲಾರದು.

ಕೈ ತಿಳಿಸದಿದ್ದುದನ್ನು ಉಸಿರು ತಿಳಿಸುತ್ತದೆ. ನಮ್ಮ ದೇಹದಲ್ಲಿ ಹನ್ನೆರಡು ಜೊತೆ ಪಕ್ಕೆಲುಬುಗಳಿರುತ್ತವೆ. ಕೆಳಗಿನ ಎರಡು ಜೊತೆಗಳ ಮುಂದಿನ ತುದಿಗಳು ಯಾವುದಕ್ಕೂ ಅಂಟಿಕೊಂಡಿಲ್ಲವಾದ ಕಾರಣ ಹೊರಗಿನ ಒತ್ತಡಕ್ಕೆ ಬೇಗನೆ ಒಳಕ್ಕೆ ಬಾಗುವುವು. ಪಕ್ಕೆಲುಬುಗಳ ಗೂಡಿನ ತಳದಲ್ಲಿ ವಪೆಯೆಂಬ ಸ್ನಾಯುವು ಕಮಾನಿನಂತೆ ಹರಡಿರುವುದು. ಉಸಿರನ್ನು ಎಳೆದುಕೊಂಡಾಗ ಅದು ಕೆಳಕ್ಕೆ ಇಳಿದು, ಹೊಟ್ಟೆಯನ್ನು ಮುಂದಕ್ಕೆ ತಳ್ಳಿ, ಶ್ವಾಸಕೋಶಗಳಿಗೆ ಸ್ಥಳವನ್ನು ಮಾಡಿಕೊಡುತ್ತದೆ. ನಡುವನ್ನು ಬಲವಾಗಿ ಬಿಗಿದರೆ ವಪೆಯು ಇಳಿಯಲಾರದು. ಉಸಿರು ಎದೆಯ ಮೇಲ್ಭಾಗದಲ್ಲಿಯೇ ಆಡಬೇಕಾಗುವುದು. ಅಂಥವಳು ಮೆಟ್ಟಿಲುಗಳನ್ನು ಏರಿದರೆ ಬೇಗನೆ ಏದುಸಿರು ಬಿಡುವಳು. ಜರ್ಮನಿಯ ಅಂಗರಚನಾ ಪಂಡಿತನಾದ ಸೋಮ್ಮರಿಂಗನು 1788ರಲ್ಲಿಯೇ ಬಿಗಿಯಾದ ಕಾರ್ಸೆಟ್ಟಿನ ಕೇಡುಗಳನ್ನು ಕುರಿತು ಗ್ರಂಥವನ್ನು ಬರೆದನು. 1908ರಲ್ಲಿ ಫ್ರಾನ್ಸಿನ ವೈದ್ಯನಾದ ಓಫಾಲೊವೆಲ್ಲನು ಕಾರ್ಸೆಟ್ ತೊಟ್ಟ ಹೆಂಗಸರ ಪಕ್ಕೆಲುಬುಗಳ ಕ್ಷ-ಕಿರಣ ಚಿತ್ರಗಳನ್ನು ಪ್ರಕಟಿಸಿದನು. ನ್ಯಾಯವಾಗಿ ಹೇಳುವುದಾದರೆ, ಕಾರ್ಸೆಟ್ ತೊಟ್ಟವರೆಲ್ಲರೂ ಮಿತಿಮೀರಿ ಬಿಗಿಯುತ್ತಿರಲಿಲ್ಲ. ಅನೇಕರಿಗೆ ಅದು ಬೆನ್ನಿಗೂ ಎದೆಗೂ ಆಧಾರವಾಗಿತ್ತು. 1881ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಉಡುಪು ಸುಧಾರಣೆಯ ಸಂಘವು ಬಿಗಿಯಾದ ಕಾರ್ಸೆಟ್ಟನ್ನು ವಿರೋಧಿಸಿತು. 1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆಯು ಎಲುಬುಪಟ್ಟಿಗಳಿಲ್ಲದ ಹಗುರವಾದ ಎದೆಗಟ್ಟಿಗೆ ಪೇಟೆಂಟ್ ಪಡೆದಳು. ಹೀಗೆ ಕಾರ್ಸೆಟ್ಟು ಕ್ರಮೇಣ ನಿತ್ಯದ ಬಳಕೆಯಿಂದ ಹಿಂದೆ ಸರಿಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಸಂಸ್ಕೃತದ ಕೂರ್ಪಾಸವೇ ಕನ್ನಡದಲ್ಲಿ ಕುಪ್ಪಸವಾಗಿದೆ. ಉತ್ತರ ಕರ್ನಾಟಕದ ಜನರು ಅದನ್ನು ಕುಬಸವೆನ್ನುವರು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣವು ಈ ಕುಬಸಕ್ಕೆ ಹೆಸರಾದುದು. ಹಳೆಯ ಪದ್ಧತಿಯ ಕುಬಸಕ್ಕೆ ಗುಂಡಿಯೂ ಇಲ್ಲ, ಕೊಂಡಿಯೂ ಇಲ್ಲ. ಮುಂದುಗಡೆಯ ಎರಡು ತುದಿಗಳನ್ನು ಎದೆಯ ಕೆಳಗೆ ತಂದು ಗಂಟು ಹಾಕಿದರೆ ಮುಗಿಯಿತು. ಕಲಬುರಗಿಯ ಮಗ್ಗುಲಿನಲ್ಲಿರುವ ಶರಣಸಿರಸಗಿಯಂಥ ಊರುಗಳ ಹೊಲಗಳಲ್ಲಿ ತೊಗರಿಯನ್ನು ಕೊಯ್ಯುವ ಹೆಂಗಸು ದಿನವೆಲ್ಲ ಬಗ್ಗಿ ಏಳಬೇಕು. ಬೇಸಗೆಯಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿಯನ್ನು ಮೀರುವುದು. ಇಂಥಲ್ಲಿ ಮುಂದಿನ ಗಂಟಿನ ಗುಣವು ಚೆನ್ನಾಗಿ ತಿಳಿಯುತ್ತದೆ. ಅದು ಅವಳ ಕಣ್ಣಿಗೆ ಕಾಣಿಸುವುದು, ಕೈಗೆ ಸಿಕ್ಕುವುದು, ಉಸಿರು ಕಟ್ಟಿದಾಗ ಕ್ಷಣದಲ್ಲಿ ಸಡಿಲವಾಗುವುದು. ಬಸುರಿಗೆ ಐದನೆಯ ಅಥವಾ ಏಳನೆಯ ತಿಂಗಳಲ್ಲಿ ಮಾಡುವ ಉಡುಗೊರೆಯ ಶಾಸ್ತ್ರಕ್ಕೆ ನಮ್ಮವರು ಕುಬಸವೆಂದೇ ಹೆಸರಿಟ್ಟಿದ್ದಾರೆ. ಮೈ ಬದಲಾಗುವ ಕಾಲಕ್ಕೆ ಮೈಯೊಂದಿಗೆ ಹಿಗ್ಗುವ ಬಟ್ಟೆಯೇ ಉಚಿತವೆಂಬುದಕ್ಕೆ ಈ ಹೆಸರು ತಕ್ಕುದಾಗಿಯೇ ಇದೆ.

ಆದರೆ ನಮ್ಮ ಉಡುಪಿನಲ್ಲಿ ಕೇಡಿಲ್ಲವೆಂದು ಹೆಮ್ಮೆಪಡಬಾರದು. ಸೀರೆಯ ಒಳಗಿನ ಲಂಗದ ಲಾಡಿಯನ್ನು ನೋಡಿರಿ. ಸೀರೆಯ ನಿರಿಗೆಗಳೆಲ್ಲ ಜಾರದಂತೆ ನಿಲ್ಲಬೇಕೆಂದು ಅದನ್ನು ಬಲವಾಗಿ ಎಳೆದು ಕಟ್ಟುವುದು ರೂಢಿ. ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡಿರಿ. ಎಳೆತವು ಒಂದೇ ಆಗಿದ್ದಲ್ಲಿ, ಒತ್ತುವ ಪಟ್ಟಿಯು ಎಷ್ಟು ಕಿರಿದಾಗಿರುವುದೋ ಚರ್ಮದ ಮೇಲಿನ ಒತ್ತಡವು ಅಷ್ಟು ಹೆಚ್ಚುವುದು. ಅರ್ಧ ಸೆಂಟಿಮೀಟರು ಅಗಲದ ಲಾಡಿಯು ನಾಲ್ಕು ಸೆಂಟಿಮೀಟರು ಅಗಲದ ಪಟ್ಟಿಗಿಂತ ಎಂಟರಷ್ಟು ಒತ್ತುತ್ತದೆ. ಬೆವರು, ಧೂಳು ಮತ್ತು ತಿಕ್ಕಾಟಗಳು ಇದಕ್ಕೆ ಸೇರಿದಾಗ ಚರ್ಮವು ಮೊದಲು ಕಪ್ಪಾಗಿ, ಬಳಿಕ ಒರಟಾಗಿ, ಕೆಲವರಲ್ಲಿ ಹುಣ್ಣಾಗುವುದುಂಟು. ವರ್ಷಗಟ್ಟಲೆ ಒಂದೇ ಸ್ಥಳದಲ್ಲಿ ಮಾಯದೆ ಉಳಿದ ಹುಣ್ಣು ಅಪರೂಪವಾಗಿ ಅರ್ಬುದವಾಗಿ ಮಾರ್ಪಡಬಹುದು. ಮುಂಬಯಿಯ ಪ್ರಸಿದ್ಧ ವೈದ್ಯ ಖಾನೋಲ್ಕರರು 1945ರಲ್ಲಿ ಧೋತರದ ಬಿಗಿಯಿಂದ ನಡುವಿನಲ್ಲಿ ಹುಟ್ಟುವ ಇಂಥ ಅರ್ಬುದವನ್ನು ವರ್ಣಿಸಿದರು. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಇಬ್ಬರು ಮುದುಕಿಯರ ವೃತ್ತಾಂತವನ್ನು ಪ್ರಕಟಿಸಿದರು. ಒಬ್ಬಳಿಗೆ ಪಕ್ಕದಲ್ಲಿ 18 ತಿಂಗಳಿಂದ ಮಾಯದ ಹುಣ್ಣಿತ್ತು. ಇನ್ನೊಬ್ಬಳು ಲಂಗವಿಲ್ಲದೆಯೇ ಸೀರೆಯನ್ನು ನಡುವಿಗೆ ಬಿಗಿದು ಉಡುವವಳಾಗಿದ್ದಳು. ಇದರಿಂದ ತಿಳಿಯುವುದೇನೆಂದರೆ, ತಪ್ಪು ಲಂಗದಲ್ಲಿಯೂ ಇಲ್ಲ, ಸೀರೆಯಲ್ಲಿಯೂ ಇಲ್ಲ. ದಿನವೂ ಒಂದೇ ಗೆರೆಯ ಮೇಲೆ ಬೀಳುವ ಬಿಗಿಯಲ್ಲಿದೆ.

ಬಾಣಂತಿಯರ ಹೊಟ್ಟೆಗೆ ಬಟ್ಟೆ ಕಟ್ಟುವ ರೂಢಿಗೂ ಇದೇ ಮಾತು ಸಲ್ಲುವುದು. ಅಗಲವಾದ ಮೆತ್ತನೆಯ ಬಟ್ಟೆಯನ್ನು ಹಿತವಾಗಿ ಸುತ್ತಿದರೆ ಬೆನ್ನಿಗೆ ಆಸರೆಯಾಗುತ್ತದೆ. ಹೊಟ್ಟೆಯು ಬೇಗನೆ ಕರಗಲೆಂಬ ಆಶೆಯಿಂದ ಬಲವಾಗಿ ಬಿಗಿದರೋ, ಹೊಟ್ಟೆಯೊಳಗಿನ ಒತ್ತಡವು ಕೆಳಕ್ಕೆ ತಿರುಗಿ, ಹೆರಿಗೆಯಿಂದ ಮೊದಲೇ ದಣಿದಿರುವ ಸ್ನಾಯುಗಳ ಮೇಲೆ ಭಾರ ಹಾಕುತ್ತದೆ. ಶಸ್ತ್ರಕ್ರಿಯೆಯಿಂದ ಹೆರಿಗೆಯಾದವಳು ವೈದ್ಯರನ್ನೋ ದಾದಿಯನ್ನೋ ಕೇಳಿಯೇ ಕಟ್ಟಿಕೊಳ್ಳಬೇಕು.

ಈಗ ತಾನೊಬ್ಬಳೇ ಕಟ್ಟಿಕೊಳ್ಳುವವಳು ನೆನಪಿಡತಕ್ಕ ನಿಯಮಗಳನ್ನು ಹೇಳುವೆವು.

1. ಉಸಿರನ್ನು ಹೊರಗೆ ಬಿಟ್ಟು ಹೊಟ್ಟೆಯನ್ನು ಒಳಗೆಳೆದು ಗಂಟು ಹಾಕಬಾರದು. ಉಸಿರನ್ನು ತುಂಬ ಎಳೆದುಕೊಂಡಾಗಿನ ಅಳತೆಗೆ ಕಟ್ಟಬೇಕು.

2. ಕಟ್ಟಿದ ಮೇಲೆ ಒಮ್ಮೆ ಕುಳಿತು ನೋಡಬೇಕು. ಕುಳಿತಾಗ ನಡುವು ಅಗಲವಾಗುವುದರಿಂದ, ನಿಂತಾಗ ಹಿತವಾದ ಕಟ್ಟು ಆಗ ಒತ್ತಬಹುದು. ಕಟ್ಟಿನ ಕೆಳಗೆ ಎರಡು ಬೆರಳು ಸುಲಭವಾಗಿ ಹೋಗಬೇಕು.

3. ದಾರದಂಥ ಲಾಡಿಯನ್ನು ತೆಗೆದು ಅಗಲವಾದ ಪಟ್ಟಿಯನ್ನು ಹೊಲಿದುಕೊಳ್ಳಬೇಕು. ಹೊಲಿಗೆಯನ್ನು ಕಲಿತ ಹುಡುಗಿಗೆ ಇದು ಅಲ್ಪಕಾಲದ ಕೆಲಸ.

4. ಕಟ್ಟುವ ಸ್ಥಳವನ್ನು ಆಗಾಗ ಸ್ವಲ್ಪ ಮೇಲೆ ಕೆಳಗೆ ಬದಲಿಸಬೇಕು. ಮನೆಯಲ್ಲಿರುವಾಗ ಸಡಿಲವಾಗಿ ಉಡಬೇಕು.

5. ಗಂಟು ಯಾವಾಗಲೂ ಒಂದು ಎಳೆತಕ್ಕೆ ಬಿಚ್ಚುವಂತಿರಬೇಕು.

6. ಲಾಡಿಯ ಗೆರೆಯಲ್ಲಿ ಹುಣ್ಣಾಗಿ ಕೆಲವು ವಾರಗಳಲ್ಲಿ ಮಾಯದಿದ್ದರೆ, ನಾಚಿಕೆಯನ್ನು ಬಿಟ್ಟು ವೈದ್ಯರಿಗೆ ತೋರಿಸಬೇಕು.

ಕೊನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯವಾದುದು. ನಡುವಿನ ಗಾಯವನ್ನು ಸೆರಗು ಮರೆಮಾಡುತ್ತದೆ; ಸಂಕೋಚವು ಅದನ್ನು ಇನ್ನಷ್ಟು ಮರೆಮಾಡುತ್ತದೆ. ನಮ್ಮ ಹುಡುಗಿಯರು ಈ ಪಾಠವನ್ನು ತಾವು ತಿಳಿದುಕೊಂಡರೆ ಸಾಲದು. ಮನೆಗೆ ಹೋಗಿ ಅವ್ವನಿಗೂ ಅಜ್ಜಿಗೂ ಹೇಳಿ, ಲಾಡಿಯ ಗೆರೆಯನ್ನು ಒಮ್ಮೆ ನೋಡಿ, ಅಗಲವಾದ ಪಟ್ಟಿಯೊಂದನ್ನು ತಮ್ಮ ಕೈಯಿಂದಲೇ ಹೊಲಿದು ಕೊಡಬೇಕು.