ಒಂದು ಬೆಂಕಿಗೆ ಎಷ್ಟು ಬೀಳುತ್ತದೆ?

ಹಿತ್ತಲಲ್ಲಿ ಇಟ್ಟಿಗೆ ಒಲೆ ಕಟ್ಟಿಸಲು ಎಷ್ಟಾಗುತ್ತದೆ ಎಂದು ಯಾರಾದರೂ ವಿಚಾರಿಸಿದರೆ, ವರ್ಷಕ್ಕೆ ಎಷ್ಟು ಸಲ ಬೆಂಕಿ ಹಾಕುತ್ತೀರಿ ಎಂದು ನಾನು ಮೊದಲು ಕೇಳುತ್ತೇನೆ. ಎರ್ನಾಕುಲಂ ಪಕ್ಕದ ತೃಪ್ಪೂಣಿತುರದಲ್ಲಿ ನಮ್ಮ ಮನೆಯ ಹಿಂದೆ ಕಿಟ್ ತರಿಸಿ ಅಂಥದೊಂದು ಒಲೆ ಕಟ್ಟಿಸಿದ್ದೇವೆ. ಪಿಜ್ಜಾ, ಬ್ರೆಡ್ಡು, ಕ್ರಿಸ್‌ಮಸ್ ಕೇಕು ಎಲ್ಲ ಅದರಲ್ಲೇ. ಕಟ್ಟಿಸಿದ್ದಕ್ಕೆ ಮನೆಮಂದಿಗೆಲ್ಲ ಖುಷಿಯಿದೆ. ಆ ಖುಷಿಗೆ ಎಷ್ಟು ತೆತ್ತೆವು, ಅದು ಹೇಗೆ ಸಾರ್ಥಕವಾಗುತ್ತಿದೆ ಎಂಬ ಲೆಕ್ಕ ಇಲ್ಲಿದೆ.

ಕಿಟ್ಟೇ ಯಾಕೆ? ಮಾಮೂಲಿ ಸಿಮೆಂಟ್ ಗಾರೆ 300–400 ಡಿಗ್ರಿ ಶಾಖವನ್ನು ಮತ್ತೆ ಮತ್ತೆ ತಡೆಯುವುದಿಲ್ಲ. ಬಿರುಕು ಬಿಟ್ಟು ಉದುರುತ್ತದೆ. ಒಲೆಯ ಒಳಮೈಗೆ ಫೈರ್‌ಬ್ರಿಕ್, ಅಲ್ಯುಮಿನಾ ಹೆಚ್ಚಿರುವ ಸಿಮೆಂಟ್, ಹೊರಗಿನಿಂದ ಹೊದೆಸಲು ಸೆರಾಮಿಕ್ ಫೈಬರ್ ಕಂಬಳಿ ಬೇಕು. ಇವನ್ನು ಬಿಡಿಬಿಡಿಯಾಗಿ ತಂದು ಗುಮ್ಮಟ ಕಟ್ಟಿಸಬಹುದು. ಆದರೆ ಇಟ್ಟಿಗೆಯನ್ನು ಕೋನ ನೋಡಿ ಕತ್ತರಿಸಿ ಗುಮ್ಮಟ ಏರಿಸುವುದು ಹಲವು ದಿನಗಳ ನಾಜೂಕಿನ ಕೆಲಸ, ಕೇರಳದಲ್ಲಿ ಕೂಲಿಯೂ ದುಬಾರಿ. ರಿಸರ್ವ್ ಬ್ಯಾಂಕಿನ ಅಂಕಿಅಂಶದ ಪ್ರಕಾರ 2022–23ರಲ್ಲಿ ಗ್ರಾಮೀಣ ಭಾಗದ ಕಟ್ಟಡ ಕಾರ್ಮಿಕರ ಸರಾಸರಿ ದಿನಗೂಲಿ ಇಲ್ಲಿ 852 ರೂಪಾಯಿ. ದೇಶದ ಸರಾಸರಿ 393. ಪಟ್ಟಣದ ನುರಿತ ಮೇಸ್ತ್ರಿಯ ಕೂಲಿ ಇದಕ್ಕಿಂತಲೂ ಹೆಚ್ಚು. ಕಿಟ್ಟಿನಲ್ಲಿ ಗುಮ್ಮಟ ನಾಲ್ಕು ಹೋಳಾಗಿ ಅಚ್ಚು ಹಾಕಿದ್ದೇ ಬರುತ್ತದೆ. ಜೋಡಿಸಿ ಸಂದು ಮೆತ್ತಿದರಾಯಿತು. ಕೂಲಿ ತುಟ್ಟಿಯಾದ ಊರಲ್ಲಿ ಕಿಟ್ಟಿನ ಹೆಚ್ಚುವರಿ ಬೆಲೆ ಕೂಲಿಯ ಉಳಿತಾಯದಲ್ಲೇ ಹುಟ್ಟುತ್ತದೆ.

ಆದರೆ ಕಿಟ್ಟಿನ ಬೆಲೆಯನ್ನೇ ಒಲೆಯ ಬೆಲೆ ಎಂದು ತಿಳಿಯಬೇಡಿ. ನಮ್ಮ ಖರ್ಚಿನ ಪಟ್ಟಿ ಹೀಗಿದೆ: ಕಿಟ್ 78,000 ರೂಪಾಯಿ, ಲಾರಿ ಬಾಡಿಗೆ 7,500, ಇಳಿಸುವ ಕೂಲಿ 2,500. ಕೆಂಪುಕಲ್ಲಿನ ಕಟ್ಟೆ, ಅದರ ಮೇಲಿನ ಸ್ಲ್ಯಾಬು, ಮೇಸ್ತ್ರಿ ಕೂಲಿ ಸೇರಿ 26,000. ಮೇಲಿನ ಮಾಡಿಗೆ 24,000. ಹೊಗೆಕೊಳವೆ, ಬಾಗಿಲು, ಗಿಲಾವು, ಸಲಕರಣೆಗಳಿಗೆ 12,000. ಒಟ್ಟು ಒಂದೂವರೆ ಲಕ್ಷ. ಕಿಟ್ಟಿಗೆ ಕೊಟ್ಟಷ್ಟೇ ಹೆಚ್ಚುಕಡಿಮೆ ಉಳಿದದ್ದಕ್ಕೂ ಹೋಗಿದೆ.

ಇದರಲ್ಲಿ ಹಲವರು ಕೈಬಿಡಲು ನೋಡುವುದು ಮಾಡನ್ನು. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ. ಜೂನ್‌ನಲ್ಲಿ ಹಿಡಿದದ್ದು ನಿಂತಿತು ಎನ್ನುವಷ್ಟರಲ್ಲಿ ಹಿಂಗಾರಿನ ತುಲಾ ಮಳೆ ಶುರು. ನೀರು ಕುಡಿದ ಒಲೆಗೆ ಜೋರು ಬೆಂಕಿ ಹಾಕಿದರೆ ಒಳಗಿನ ತೇವ ಆವಿಯಾಗಿ ಉಬ್ಬಿ ಗುಮ್ಮಟವನ್ನೇ ಸೀಳುತ್ತದೆ. 78,000 ರೂಪಾಯಿಯ ವಸ್ತುವಿಗೆ 24,000ದ ಮಾಡು ವಿಮೆಯಿದ್ದ ಹಾಗೆ.

ಹೊಸ ಒಲೆಯನ್ನು ಹದ ಮಾಡುವಾಗ ಈ ತೇವ ಕಣ್ಣಿಗೇ ಕಾಣುತ್ತದೆ. ಮೊದಲ ದಿನ ನಾಲ್ಕು ಗೆರಟೆ, ಒಂದು ಹಿಡಿ ಚಕ್ಕೆ, ಅಷ್ಟೇ ಬೆಂಕಿ. ಸ್ವಲ್ಪ ಹೊತ್ತಿಗೆ ಬಾಯಿಯ ಕಮಾನಿನ ಮೇಲೆ ನೀರಿನ ಮಣಿಗಳು ಮೂಡಿ ಇಳಿದವು, ಸಂದುಗಳು ಕಪ್ಪಗೆ ನೆನೆದವು. ದಿನದಿನಕ್ಕೆ ಬೆಂಕಿ ಸ್ವಲ್ಪ ಸ್ವಲ್ಪ ಏರಿಸುತ್ತ ಹೋದಂತೆ ಆ ಕಪ್ಪು ಆರಿ ಗೋಡೆ ಬೆಳ್ಳಗಾಯಿತು. ಒಂದು ವಾರದ ಈ ತಾಳ್ಮೆಗೆ ದುಡ್ಡು ಬೇಕಿಲ್ಲ, ಆದರೆ ಇಡೀ ಬಂಡವಾಳ ಉಳಿಯುವುದು ಇದರಿಂದಲೇ.

ಒಂದೂವರೆ ಲಕ್ಷ ಹೊಂದಿಸಿದ್ದು ಆರ್‌ಡಿಯಿಂದ. ತಿಂಗಳಿಗೆ 12,000 ರೂಪಾಯಿಯಂತೆ ಒಂದು ವರ್ಷ ಕಟ್ಟಿದರೆ ಬಡ್ಡಿ ಸೇರಿ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಇಷ್ಟೇ ಮೊತ್ತವನ್ನು ಶೇ 14ರ ಬಡ್ಡಿಗೆ ಮೂರು ವರ್ಷದ ವೈಯಕ್ತಿಕ ಸಾಲವಾಗಿ ತೆಗೆದಿದ್ದರೆ ತಿಂಗಳ ಕಂತು ಸುಮಾರು 5,130 ರೂಪಾಯಿ; ಬಡ್ಡಿಯೊಂದೇ 34,500ರ ಆಸುಪಾಸು. ಇಷ್ಟದ ವಸ್ತುವಿಗೆ ಸಾಲ ಬೇಡ ಎನ್ನುವುದು ನನ್ನ ದೃಢ ಅಭಿಪ್ರಾಯ. ಒಂದು ವರ್ಷ ಕೂಡಿಡುವಷ್ಟು ಕಾಲ ಆಸೆ ಆರದೆ ಉಳಿದರೆ ಅದು ನಿಜವಾದ ಆಸೆ.

ಈಗ ಅಸಲು ಲೆಕ್ಕ. ಒಲೆ ಹತ್ತು ವರ್ಷ ಬಾಳುತ್ತದೆಂದು ಹಿಡಿದರೆ ವರ್ಷಕ್ಕೆ ಸವಕಳಿ 15,000. ಎಫ್‌ಡಿಯಲ್ಲಿ ಇಟ್ಟಿದ್ದರೆ ಶೇ 7ರಂತೆ ಬರಬಹುದಾಗಿದ್ದ ಬಡ್ಡಿ 10,500. ಎರಡೂ ಸೇರಿ 25,500. ವರ್ಷಕ್ಕೆ 25 ಸಲ ಬೆಂಕಿ ಹಾಕಿದರೆ ಒಂದು ಬೆಂಕಿಗೆ 1,020 ರೂಪಾಯಿ. ಸೌದೆಯ 150 ಸೇರಿಸಿದರೆ 1,170. ಬರೀ ಆರು ಸಲ ಹಾಕಿದರೆ ಒಂದಕ್ಕೆ 4,400! ಎರಡು ಕಿಲೋವ್ಯಾಟ್‌ನ ಓಟಿಜಿ ಎಂಬ ವಿದ್ಯುತ್ ಒಲೆಯಲ್ಲಿ ಒಂದು ಬ್ರೆಡ್ಡು ಬೇಯಲು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದೂವರೆ ಯೂನಿಟ್ ಕರೆಂಟು. ಉಳಿತಾಯಕ್ಕೆಂದು ಇಟ್ಟಿಗೆ ಒಲೆ ಕಟ್ಟಿಸುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಖರ್ಚು ಇಳಿಸುವ ದಾರಿ ಬೆಂಕಿಯಲ್ಲೇ ಇದೆ. ನಮ್ಮ ಒಲೆಯ ಮುನ್ನೂರೈವತ್ತು ಕಿಲೋ ಇಟ್ಟಿಗೆ–ಕಾಂಕ್ರೀಟನ್ನು ತಣ್ಣಗಿನಿಂದ 300 ಡಿಗ್ರಿ ದಾಟಿಸಲು 12ರಿಂದ 15 ಕಿಲೋ ಒಣ ಸೌದೆ ಉರಿಯಬೇಕು. ಒಂದು ಪಿಜ್ಜಾ ಮಾಡಿದರೂ ಅಷ್ಟೇ, ಇಪ್ಪತ್ತು ಮಾಡಿದರೂ ಹೆಚ್ಚುಕಡಿಮೆ ಅಷ್ಟೇ. ಕೇರಳದ ಬೇಕರಿಗಳ ಬೋರ್ಮಕ್ಕೆ, ಅಂದರೆ ಸೌದೆ ಒಲೆಗೆ, ನಿತ್ಯ ಬೆಂಕಿ. ಅದು ಪೂರ್ತಿ ಆರುವುದೇ ಇಲ್ಲ, ಆದ್ದರಿಂದ ಸೌದೆ ಗಿಟ್ಟುತ್ತದೆ. ಮನೆಯ ಒಲೆ ಪ್ರತಿಸಲವೂ ತಣ್ಣಗಿನಿಂದ ಶುರು. ಹಾಗಾಗಿ ಒಮ್ಮೆ ಏರಿದ ಕಾವನ್ನು ಕೊನೆಯವರೆಗೂ ಹಿಂಡಿ ಬಳಸಬೇಕು.

ನಮ್ಮಲ್ಲಿ ಶನಿವಾರ ಸಂಜೆ 400 ಡಿಗ್ರಿಯ ಹತ್ತಿರ ಪಿಜ್ಜಾ. ಕೆಂಡ ಎಳೆದು ಬಾಗಿಲು ಮುಚ್ಚಿ ಕಾವು 230ಕ್ಕೆ ಇಳಿದಾಗ ಬ್ರೆಡ್ಡು. 170ರಲ್ಲಿ ಕೇಕು. ರಾತ್ರಿ ಮಣ್ಣಿನ ಮಡಕೆಯಲ್ಲಿ ನೆನೆಸಿದ ಕಡಲೆ ಇಟ್ಟರೆ ಬೆಳಿಗ್ಗೆಯ ಹೊತ್ತಿಗೆ ಬೆಣ್ಣೆಯಂತೆ ಬೆಂದಿರುತ್ತದೆ. ಭಾನುವಾರ ಉಳಿದ ಬಿಸಿಯಲ್ಲಿ ರಸ್ಕು, ಒಣಮೆಣಸು, ತೆಂಗಿನ ಹೋಳು. "ಕಾವು ಇರುವಾಗ ಒಲೆ ಖಾಲಿ ಬಿಡಬಾರದು ಮಗಾ" ಎಂದು ಪುತ್ತೂರಿನಿಂದ ಬಂದ ಅಮ್ಮ ತಾವೇ ನಿಂತು ಗೆಣಸು ಸುಡುತ್ತಾರೆ. ಅಕ್ಕಪಕ್ಕದ ಮೂರು ಮನೆಯವರು ಹಿಟ್ಟು ಕಲಸಿ ತರುತ್ತಾರೆ. ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳ ಕಡೆಯಿಂದ ರಬ್ಬರ್ ಮರದ ತುಂಡು ತರಿಸುವಾಗ ಪಾಲು ಹಾಕುತ್ತಾರೆ. ಅಂಟು ಮೆತ್ತಿದ ಪ್ಲೈವುಡ್ ಚೂರನ್ನು ಮಾತ್ರ ಒಲೆಗೆ ಸೇರಿಸುವುದಿಲ್ಲ. ಅದರ ಹೊಗೆ ವಿಷ. 1,170 ರೂಪಾಯಿ ನಾಲ್ಕು ಮನೆಗೆ ಹಂಚಿದರೆ ಮನೆಗೆ ಮುನ್ನೂರರ ಒಳಗೆ. ಹೊರಗೆ ಹೋಗಿ ತಿಂದರೆ ಒಬ್ಬರ ಊಟಕ್ಕೆ ಆಗುವ ದುಡ್ಡು.

ಕಿಟ್ಟಿಗೆ ಮುಂಗಡ ಕೊಡುವ ಮೊದಲು ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳ ಹೆಸರು ಬರೆಯಿರಿ. ಪ್ರತಿ ತಿಂಗಳ ಎದುರು ಯಾವ ದಿನ ಬೆಂಕಿ, ಏನು ಅಡುಗೆ, ಯಾರು ಬರುತ್ತಾರೆ ಎಂದು ತುಂಬಿಸಿ. ಬೆಂಕಿಗೊಂದರಂತೆ ಇಪ್ಪತ್ತು ಸಾಲು ತುಂಬಿದರೆ ಧೈರ್ಯವಾಗಿ ಕಟ್ಟಿಸಿ, ಮಾಡನ್ನೂ ಸೇರಿಸಿ. ತುಂಬದಿದ್ದರೆ ಒಳ್ಳೆಯ ಓಟಿಜಿ ಕೊಂಡು, ಉಳಿದ ಹಣವನ್ನು ಆರ್‌ಡಿಯಲ್ಲೇ ಬೆಳೆಯಲು ಬಿಡಿ.