ಮನೆ ಕೊಳ್ಳುವ ಮುನ್ನ: ಕಮ್ಮನಹಳ್ಳಿ ಕಲಿಸುವ ಪಾಠ



ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ, ಬೀಜೋಪಚಾರ ಮಾಡಿ ಎಂದು ನಿಮಗೆ ಹೇಳುವುದು ನನ್ನ ಕೆಲಸ. ಈ ಸಲ ಬೆಳೆಯ ಮಾತನ್ನು ಬದಿಗಿಟ್ಟು ಮನೆಯ ಮಾತನ್ನು ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ.

ಬಿದರಹಳ್ಳಿ ಹೋಬಳಿಯ ಒಬ್ಬ ಹಿರಿಯ ರೈತರು ಒಂದು ಸಂಜೆ ಕಾಗದದ ಕಟ್ಟು ಹಿಡಿದು ನನ್ನ ಬಳಿ ಬಂದರು. ಅವರದು ಎರಡು ಎಕರೆ ಜಮೀನು, ರಾಗಿ, ಸ್ವಲ್ಪ ತರಕಾರಿ, ಎರಡು ಹಸು. ಮಗ ಕಮ್ಮನಹಳ್ಳಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು, ಅಲ್ಲಿಯೇ ಬಾಡಿಗೆ ಮನೆಯಲ್ಲಿದ್ದಾನೆ. "ಸ್ವಾಮಿ, ಮಗನಿಗೆ ಒಂದು ಸೂರು ಆಗಲಿ ಅಂತ ಆಸೆ. ದಲ್ಲಾಳಿ ಒಂದು ಸೈಟು ತೋರಿಸಿದ್ದಾನೆ. ಶುಕ್ರವಾರದೊಳಗೆ ಎರಡು ಲಕ್ಷ ಮುಂಗಡ ಕೊಡಬೇಕಂತೆ. ಮಿಕ್ಕಿದ್ದಕ್ಕೆ ಹೊಲ ಅಡವಿಟ್ಟರಾಯಿತು ಅಂತಾನೆ" ಎಂದರು. "ಯಜಮಾನರೇ, ಶುಕ್ರವಾರ ಎಲ್ಲಿಗೂ ಹೋಗುವುದಿಲ್ಲ. ಮೊದಲು ಕಾಗದ ನೋಡೋಣ" ಎಂದೆ. ಆ ಸಂಜೆ ನಾವು ನೋಡಿದ್ದನ್ನೇ ಇಲ್ಲಿ ಪಾಠವಾಗಿ ಬರೆದಿದ್ದೇನೆ. ಇಂಥ ಕಟ್ಟು ನಿಮ್ಮ ಮನೆಗೂ ಬರಬಹುದು.

1. ಕಮ್ಮನಹಳ್ಳಿಯಲ್ಲಿ ಏನಾಯಿತು?

ಹೆಸರೇ ಹೇಳುವಂತೆ ಕಮ್ಮನಹಳ್ಳಿಯೂ ಒಂದು ಹಳ್ಳಿಯಾಗಿತ್ತು. ಬೆಂಗಳೂರು ದಂಡು ಪ್ರದೇಶದ ಆಚೆ, ಬಾಣಸವಾಡಿ ಮತ್ತು ಲಿಂಗರಾಜಪುರಗಳ ನೆರೆಯಲ್ಲಿ ಅದು ಇದೆ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹೆಣ್ಣೂರು ರಸ್ತೆಗೂ ಬಾಣಸವಾಡಿ ರಸ್ತೆಗೂ ನಡುವಿನ ಪ್ರದೇಶದಲ್ಲಿ ಪ್ರಾಧಿಕಾರ ಎಚ್.ಆರ್.ಬಿ.ಆರ್. ಬಡಾವಣೆಯನ್ನು ಮಾಡಿತು. ಆ ಎರಡು ರಸ್ತೆಗಳ ಹೆಸರೇ ಬಡಾವಣೆಯ ಹೆಸರು. ಇಂದು ನೆಹರು ರಸ್ತೆಯ ಎರಡು ಬದಿಗೂ ಅಂಗಡಿ ಮತ್ತು ಹೋಟೆಲುಗಳ ಸಾಲು ಇದೆ.

ಅಲ್ಲಿ ಓಡಾಡಿದರೆ ಮೂರು ಬಗೆಯ ಸ್ವತ್ತುಗಳು ಒಂದರ ಪಕ್ಕದಲ್ಲಿ ಒಂದು ಇರುವುದು ತಿಳಿಯುತ್ತದೆ. ಒಂದು, ಹಳೆಯ ಗ್ರಾಮಠಾಣದ ಮನೆಗಳು. ಎರಡು, ಪ್ರಾಧಿಕಾರ ಹಂಚಿದ ನಿವೇಶನಗಳು. ಮೂರು, ಹೊಲವನ್ನೇ ತುಂಡು ಮಾಡಿ ಮಾರಿದ, ಜನರ ಬಾಯಲ್ಲಿ 'ರೆವಿನ್ಯೂ ಸೈಟು' ಎನಿಸಿಕೊಂಡವು. ಮೂರರ ಮೇಲೂ ಒಂದೇ ಬಗೆಯ ಮನೆ ನಿಂತಿರಬಹುದು, ಬಣ್ಣವೂ ಒಂದೇ ಇರಬಹುದು. ಹಕ್ಕು ಮಾತ್ರ ಒಂದೇ ಅಲ್ಲ. ಮನೆಯ ಗೋಡೆ ನೋಡಿ ಕೊಳ್ಳುವವನು ಪೈರಿನ ಹಸಿರು ನೋಡಿ ಬೀಜ ಕೊಂಡವನಂತೆ.

ಅಲ್ಲಿ 30 ಅಡಿ, 40 ಅಡಿಯ ಚೊಕ್ಕ ದಾಖಲೆಯ ಒಂದು ನಿವೇಶನ ಈಗ ಸಾಮಾನ್ಯವಾಗಿ ಕೋಟಿ ರೂಪಾಯಿ ದಾಟುತ್ತದೆ. ಆದ್ದರಿಂದ ಸಣ್ಣ ಸಂಬಳದವರು ಹೊರಗೆ ಹೊರಗೆ ನೋಡುತ್ತಾರೆ. ಹೀಗೆ ನೋಡುತ್ತಾ ನಮ್ಮ ಹಳ್ಳಿಗಳವರೆಗೂ ಬರುತ್ತಾರೆ. ಕೆ.ಆರ್. ಪುರದಿಂದ ವಿಮಾನ ನಿಲ್ದಾಣದ ಕಡೆಗೆ ಹೋಗುವ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ "ಮೆಟ್ರೊ ಹತ್ತಿರ" ಎಂಬ ಮಾತು ದಲ್ಲಾಳಿಯ ನಾಲಿಗೆಯ ತುದಿಯಲ್ಲಿದೆ. ರೈಲು ಹತ್ತಿರ ಬಂದರೆ ಬೆಲೆ ಏರಬಹುದು. ಆದರೆ ಕೆಟ್ಟ ಕಾಗದ ಒಳ್ಳೆಯದಾಗುವುದಿಲ್ಲ.

2. ಕಾಗದದ ಪರೀಕ್ಷೆ

ಸೈಟು ಅಥವಾ ಮನೆ ಕೊಳ್ಳುವಾಗ ಇವನ್ನು ಕೇಳಿ ಪಡೆಯಿರಿ.

(ಅ) ಮೂಲ ಪತ್ರ, ಮತ್ತು ಅಲ್ಲಿಂದ ಇಲ್ಲಿಯವರೆಗೆ ಸ್ವತ್ತು ಕೈಬದಲಾದ ಎಲ್ಲ ಪತ್ರಗಳು. ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಿರಬಾರದು.

(ಆ) ಕನಿಷ್ಠ 30 ವರ್ಷಗಳ ಋಣಭಾರ ಪತ್ರ, ಅಂದರೆ ಇ.ಸಿ. ನೋಂದಣಿಯಾದ ಮಾರಾಟ, ಅಡಮಾನಗಳು ಇದರಲ್ಲಿ ಕಾಣುತ್ತವೆ. ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ದಾವೆ ಇದರಲ್ಲಿ ಕಾಣದೆ ಇರಬಹುದು. ಆದುದರಿಂದ ಇ.ಸಿ. ಒಂದನ್ನೇ ನಂಬಬೇಡಿ.

(ಇ) ಹೊಲವಾಗಿದ್ದ ಜಾಗವಾದರೆ ಭೂ ಪರಿವರ್ತನೆ ಆದೇಶ, ಮತ್ತು ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆಯ ನಕ್ಷೆ.

(ಈ) ಖಾತೆ. ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು ತಂತ್ರಾಂಶದಿಂದ ಬರುವ ನಮೂನೆ 9 ಮತ್ತು 11ಎ, ನಗರದಲ್ಲಿ ಇ-ಖಾತಾ. ಬೆಂಗಳೂರು ನಗರದ ಸ್ವತ್ತು ನೋಂದಣಿಗೆ 2024ರ ಅಕ್ಟೋಬರಿನಲ್ಲಿ ಇ-ಖಾತಾ ಕಡ್ಡಾಯವಾಯಿತು. ಪಂಚಾಯಿತಿಯಲ್ಲಿ 11ಬಿ, ನಗರದಲ್ಲಿ ಬಿ-ಖಾತಾ ಎಂದಿದ್ದರೆ ಸ್ವತ್ತಿನಲ್ಲಿ ಏನೋ ಕೊರತೆ ಇದೆಯೆಂದು ತಿಳಿಯಿರಿ. ತೆರಿಗೆ ಕಟ್ಟಿದ ರಸೀದಿ ಹಕ್ಕಿನ ಪತ್ರವಲ್ಲ.

(ಉ) ಮಾರುವವರ ವಂಶವೃಕ್ಷ. 2005ರ ತಿದ್ದುಪಡಿಯ ಪ್ರಕಾರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಅವರ ರುಜು ಇಲ್ಲದ ಕ್ರಯಪತ್ರ ಮುಂದೆ ವ್ಯಾಜ್ಯಕ್ಕೆ ದಾರಿ.

(ಊ) ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಇದಾಗಿತ್ತೆ ಎಂಬುದು. 1978ರ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ.

ಇನ್ನೊಂದು ಮಾತು. "ಜಿ.ಪಿ.ಎ. ಮೇಲೆ ಬರೆದುಕೊಡುತ್ತೇವೆ" ಎಂದರೆ ಎದ್ದು ಬನ್ನಿ. ಅಧಿಕಾರ ಪತ್ರದ ಮೂಲಕ ನಡೆಯುವ ಇಂಥ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ. ಫ್ಲ್ಯಾಟು ಅಥವಾ ಹೊಸ ಬಡಾವಣೆಯಾದರೆ ರೇರಾ ನೋಂದಣಿ ಸಂಖ್ಯೆ ಕೇಳಿ. ರೇರಾ ಕಾಯಿದೆಗೆ ಒಳಪಟ್ಟ ಯೋಜನೆಯಲ್ಲಿ ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ.

ಆ ಹಿರಿಯರ ಕಟ್ಟಿನಲ್ಲಿ ಏನಿತ್ತು? ಜಿ.ಪಿ.ಎ. ಒಂದು, ತೆರಿಗೆ ರಸೀದಿ ಎರಡು, ಬಣ್ಣದ ನಕ್ಷೆ ಒಂದು. ಪರಿವರ್ತನೆ ಆದೇಶ ಇರಲಿಲ್ಲ. ಮಾರುವವರ ಮನೆಯ ಇಬ್ಬರು ಹೆಣ್ಣುಮಕ್ಕಳ ರುಜು ಎಲ್ಲಿಯೂ ಇರಲಿಲ್ಲ.

3. ಸರ್ಕಾರದ ಪ್ರೋತ್ಸಾಹ

ಹಳ್ಳಿಯಲ್ಲಿ ಮನೆ ಇಲ್ಲದವರಿಗೆ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗ 2016ರಲ್ಲಿ ಆರಂಭವಾಯಿತು. ಬಯಲು ಪ್ರದೇಶದಲ್ಲಿ ಮನೆಗೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ. ರಾಜ್ಯದ ವಸತಿ ಯೋಜನೆಗಳು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯುತ್ತವೆ. ಇವೆಲ್ಲಕ್ಕೂ ಮೊದಲ ಬಾಗಿಲು ನಿಮ್ಮ ಗ್ರಾಮ ಪಂಚಾಯಿತಿ ಮತ್ತು ಗ್ರಾಮಸಭೆ. ದಲ್ಲಾಳಿಗೆ ಕಾಸು ಕೊಡಬೇಕಾದ ಕೆಲಸ ಇದಲ್ಲ.

ಪಟ್ಟಣದಲ್ಲಿ ಸಾಲ ಮಾಡಿ ಮನೆ ಕೊಳ್ಳುವವರಿಗೆ ಇದೇ ಯೋಜನೆಯ ನಗರ ಭಾಗದ ಎರಡನೆಯ ಹಂತ 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಅದರಲ್ಲಿ ಬಡ್ಡಿ ಸಹಾಯಧನವಿದೆ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಿರಬಾರದು. ಕುಟುಂಬದ ವರ್ಷದ ವರಮಾನ 9 ಲಕ್ಷ ದಾಟಿರಬಾರದು. ಸಾಲದ ಮೊದಲ 8 ಲಕ್ಷಕ್ಕೆ ನೂರಕ್ಕೆ 4ರಂತೆ ಲೆಕ್ಕ ಹಾಕಿ, ಒಟ್ಟು 1.80 ಲಕ್ಷ ರೂಪಾಯಿಯವರೆಗೆ ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಜಮೆಯಾಗುತ್ತದೆ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಇವರಲ್ಲಿ ಯಾರ ಹೆಸರಿನಲ್ಲಿಯೂ ದೇಶದ ಯಾವ ಭಾಗದಲ್ಲಿಯೂ ಪಕ್ಕಾ ಮನೆ ಇರಕೂಡದು.

ಇಲ್ಲಿ ಯೋಚಿಸಬೇಕಾದ ಅಂಶವೊಂದಿದೆ. 35 ಲಕ್ಷದ ಮಿತಿ ಇರುವುದರಿಂದ ಕಮ್ಮನಹಳ್ಳಿಯ ಸ್ವತಂತ್ರ ಮನೆಗೆ ಈ ಸಹಾಯ ದಕ್ಕುವುದಿಲ್ಲ. ಹೊರವಲಯದ ಸಣ್ಣ ಫ್ಲ್ಯಾಟಿಗೆ ದಕ್ಕಬಹುದು. ಅಲ್ಲದೆ, ಸಹಾಯಧನ ಸಿಗುತ್ತದೆಂದು ಮನೆ ಕೊಳ್ಳುವುದು ರಿಯಾಯಿತಿಗೆ ಬಂತೆಂದು ಬೇಡದ ಗೊಬ್ಬರ ಕೊಂಡಂತೆ. ಮೊದಲು ಮನೆ ಬೇಕೆ, ಕಂತು ಕಟ್ಟಲು ಶಕ್ತಿ ಇದೆಯೆ ನೋಡಿ. ಸಹಾಯಧನ ಆಮೇಲಿನ ಮಾತು.

4. ಸಾಲದ ಲೆಕ್ಕ

ಬ್ಯಾಂಕು ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಬೆಲೆಯ ನೂರಕ್ಕೆ 90ರವರೆಗೆ, 30ರಿಂದ 75 ಲಕ್ಷದವರೆಗೆ ನೂರಕ್ಕೆ 80ರವರೆಗೆ, ಅದಕ್ಕೂ ಮೇಲಾದರೆ ನೂರಕ್ಕೆ 75ರವರೆಗೆ ಕೊಡಬಹುದು. ಮಿಕ್ಕದ್ದು ನಿಮ್ಮ ಕೈಯಿಂದ.

24 ಲಕ್ಷ ರೂಪಾಯಿಯ ಒಂದು ಮನೆಯನ್ನು ತೆಗೆದುಕೊಳ್ಳಿ. 20 ಲಕ್ಷ ಸಾಲ ಸಿಕ್ಕರೆ 4 ಲಕ್ಷ ಕೈಯಿಂದ ಹಾಕಬೇಕು. ಇದರ ಮೇಲೆ ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದುದು 2 ಆಯಿತು. ಎಲ್ಲ ಸೇರಿ ನಗರದಲ್ಲಿ ನೂರಕ್ಕೆ 7.6. ಅಂದರೆ 24 ಲಕ್ಷಕ್ಕೆ 1,82,400 ರೂಪಾಯಿ. 45 ಲಕ್ಷದವರೆಗಿನ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ. ಹೇಗಾದರೂ ಕೈಯಲ್ಲಿ ಆರು ಲಕ್ಷದಷ್ಟಾದರೂ ಇಲ್ಲದೆ ಈ ಮನೆಯ ಮಾತೆತ್ತಬಾರದು.

ಇನ್ನು ಕಂತು. 20 ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ 8.5 ಬಡ್ಡಿ ಎಂದು ಇಟ್ಟುಕೊಳ್ಳೋಣ. 20 ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 17,360 ರೂಪಾಯಿ. ಒಟ್ಟು ಕಟ್ಟುವ ಬಡ್ಡಿ ಸುಮಾರು 21.65 ಲಕ್ಷ. ಅಸಲಿಗಿಂತ ಬಡ್ಡಿಯೇ ಹೆಚ್ಚು. 12 ವರ್ಷವಾದರೆ ಕಂತು ಸುಮಾರು 22,200 ರೂಪಾಯಿ. ಬಡ್ಡಿ ಸುಮಾರು 12 ಲಕ್ಷ. ಅವಧಿ ಕಡಿಮೆಯಾದಷ್ಟೂ ಉಳಿತಾಯ.

ಆದರೆ ಸಂಬಳಗಾರನಿಗೂ ರೈತನಿಗೂ ಒಂದು ವ್ಯತ್ಯಾಸವಿದೆ. ನಮ್ಮ ವರಮಾನ ಸುಗ್ಗಿಯಲ್ಲಿ ಬರುತ್ತದೆ, ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ರಾಗಿ ಮಾರಿದ ದುಡ್ಡನ್ನು ನಂಬಿ ತಿಂಗಳ ಕಂತು ಒಪ್ಪಿಕೊಳ್ಳಬೇಡಿ. ಮಗನ ಸಂಬಳ, ಡೈರಿಯ ಹಾಲಿನ ಬಟವಾಡೆ ಇಂಥ ಖಚಿತ ವರಮಾನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಆರು ತಿಂಗಳ ಕಂತಿನಷ್ಟು ಹಣ ಬೇರೆಯಾಗಿ ಇರಲಿ. ಬೆಳೆ ಸಾಲವನ್ನು ಮನೆಗೆ ಹಾಕುವುದಂತೂ ಬೇಡ. ಬೀಜದ ರಾಗಿಯನ್ನು ಬೀಸಿ ಮುದ್ದೆ ಮಾಡಿದ ಹಾಗಾಗುತ್ತದೆ.

ಸಾಲ ಪಡೆಯುವಾಗ ಮುಖ್ಯಾಂಶ ಪತ್ರವನ್ನು ಕೇಳಿ. ಬಡ್ಡಿ, ಶುಲ್ಕ, ಒಟ್ಟು ವೆಚ್ಚ ಎಲ್ಲ ಅದರಲ್ಲಿ ಇರಬೇಕು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲಿ ಕೇಳಲು ಸಂಕೋಚ ಬೇಡ. ಬಡ್ಡಿ ಏರಿಳಿಯುವ ಬಗೆಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಆದ್ದರಿಂದ ಒಳ್ಳೆಯ ಬೆಳೆ ಬಂದ ವರ್ಷ ಅಸಲಿಗೆ ಒಂದಷ್ಟು ಕಟ್ಟಿಬಿಡಿ. ಸಾಲ ತೀರಿದ 30 ದಿನಗಳಲ್ಲಿ ನಿಮ್ಮ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರವನ್ನು ರಿಸರ್ವ್ ಬ್ಯಾಂಕು 2023ರಲ್ಲಿ ನಿಗದಿಮಾಡಿದೆ.

5. ಅಡಮಾನ ಎಂದರೆ ಏನು?

ಬ್ಯಾಂಕಿನ ಗೃಹಸಾಲದಲ್ಲಿ ಸಾಮಾನ್ಯವಾಗಿ ಹಕ್ಕುಪತ್ರಗಳನ್ನು ಠೇವಣಿ ಇಟ್ಟು ಅಡಮಾನ ಮಾಡುತ್ತಾರೆ. ಮನೆಯಲ್ಲಿ ನೀವೇ ಇರುತ್ತೀರಿ, ಕಾಗದ ಬ್ಯಾಂಕಿನಲ್ಲಿ ಇರುತ್ತದೆ. 90 ದಿನ ಮೀರಿ ಕಂತು ನಿಂತರೆ ಸಾಲ ವಸೂಲಾಗದ ಸಾಲವೆಂದು ಗಣನೆಗೆ ಬರುತ್ತದೆ. ಆಗ 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟಿಸು ಕೊಟ್ಟು, ಸಿವಿಲ್ ಕೋರ್ಟಿಗೆ ಹೋಗದೆಯೇ ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ನೋಟಿಸು ಬಂದ ದಿನವೇ ಬ್ಯಾಂಕಿಗೆ ಲಿಖಿತ ಉತ್ತರ ಕೊಡಿ. ಗೂಡಿನಲ್ಲಿ ಇಟ್ಟು ಮರೆಯಬೇಡಿ.

ವ್ಯವಸಾಯದ ಜಮೀನಿಗೆ ಈ ಕಾಯಿದೆಯಿಂದ ವಿನಾಯಿತಿ ಇದೆ. ಆದರೆ ಎರಡು ಎಚ್ಚರಿಕೆ. ಪಹಣಿಯಲ್ಲಿ ವ್ಯವಸಾಯವೆಂದು ಬರೆದಿದ್ದರಷ್ಟೇ ಸಾಲದು. ಜಮೀನು ನಿಜವಾಗಿ ಯಾವ ಬಳಕೆಯಲ್ಲಿದೆ ಎಂಬುದು ಮುಖ್ಯವೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಎರಡನೆಯದಾಗಿ, ವಿನಾಯಿತಿ ಇದ್ದರೂ ಸಾಲ ಮನ್ನಾ ಆಗುವುದಿಲ್ಲ. ಕೋರ್ಟಿನ ಮೂಲಕ ವಸೂಲಿಗೆ ದಾರಿ ಇದ್ದೇ ಇದೆ. ಮನೆಗಾಗಿ ಆ ಮನೆಯನ್ನೇ ಅಡವಿಡಿ. ಅನ್ನ ಕೊಡುವ ಹೊಲವನ್ನು ಅದಕ್ಕೆ ಜೊತೆಗೂಡಿಸಬೇಡಿ.

ಕಮ್ಮನಹಳ್ಳಿಯಂಥ ಕಡೆ 'ಭೋಗ್ಯ'ಕ್ಕೂ ಮನೆ ಸಿಗುತ್ತದೆ. ದೊಡ್ಡ ಮೊತ್ತ ಕೊಟ್ಟು, ಬಾಡಿಗೆ ಇಲ್ಲದೆ ವಾಸವಿದ್ದು, ಬಿಡುವಾಗ ಹಣ ಹಿಂದಕ್ಕೆ ಪಡೆಯುವ ಪದ್ಧತಿ ಇದು. ಒಳ್ಳೆಯದೇ, ಆದರೆ ಅದೇ ಮನೆ ಮೊದಲೇ ಬ್ಯಾಂಕಿನಲ್ಲಿ ಅಡವಿದ್ದರೆ ಹರಾಜಿನ ದಿನ ನಿಮ್ಮ ಹಣಕ್ಕೆ ಅಪಾಯ. ಇ.ಸಿ. ನೋಡಿ, ಕರಾರನ್ನು ನೋಂದಣಿ ಮಾಡಿಸಿ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ.

6. ಮುಗಿಸುವ ಮುನ್ನ

ಆ ಹಿರಿಯರು ಶುಕ್ರವಾರ ಮುಂಗಡ ಕೊಡಲಿಲ್ಲ. ದಲ್ಲಾಳಿ ಮತ್ತೆ ಎರಡು ಸಲ ಬಂದು, "ಬೆಲೆ ಏರಿಬಿಡುತ್ತದೆ" ಎಂದು ಹೇಳಿ ಹೋದನಂತೆ. ಮಗ ಈಗಲೂ ಬಾಡಿಗೆ ಮನೆಯಲ್ಲಿಯೇ ಇದ್ದಾನೆ. ಆ ಎರಡು ಲಕ್ಷ ಬ್ಯಾಂಕಿನಲ್ಲಿ ಮಗನ ಹೆಸರಿನಲ್ಲಿದೆ, ತಿಂಗಳಿಗೆ ಇಷ್ಟು ಎಂದು ಅದಕ್ಕೆ ಸೇರುತ್ತಲೂ ಇದೆ. ಮೊನ್ನೆ ಅವರ ಹೊಲಕ್ಕೆ ಹೋದಾಗ, "ಸೂರು ಇನ್ನೂ ಆಗಲಿಲ್ಲ ಸ್ವಾಮಿ. ಆದರೆ ಹೊಲ ಇದೆ" ಎಂದರು. ಆ ಮಾತಿನಲ್ಲಿ ಸಂತೋಷವೂ ಇತ್ತು, ಸ್ವಲ್ಪ ನೋವೂ ಇತ್ತು. ಎರಡನ್ನೂ ನಾನು ಮರೆತಿಲ್ಲ. ಮನೆಯ ಆಸೆ ತಪ್ಪಲ್ಲ, ಆತುರ ತಪ್ಪು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿರುವುದು ಸುಮ್ಮನೆ ಅಲ್ಲ.

ನೆನಪಿಡಿ

- ಕಾಗದ ನೋಡುವವರೆಗೆ ಮುಂಗಡ ಬೇಡ.
- ತಿಳಿದ ವಕೀಲರಿಗೆ ಒಂದು ಸಲ ತೋರಿಸುವ ಖರ್ಚು ನಷ್ಟವಲ್ಲ.
- ಖಚಿತ ವರಮಾನಕ್ಕೆ ತಕ್ಕ ಕಂತು. ಹಾಸಿಗೆ ಇದ್ದಷ್ಟು ಕಾಲು.
- ಹೊಲ ಹೊಲವಾಗಿಯೇ ಇರಲಿ.

ಮನೆಯಲ್ಲಿ ಕೂಡಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಮನೆಯ ಜಾಗಕ್ಕೆ ನಮೂನೆ 9 ಮತ್ತು 11ಎ ಇದೆಯೆ? ಯಾರ ಹೆಸರಿನಲ್ಲಿದೆ?
2. ನಮ್ಮ ಪಹಣಿಯಲ್ಲಿ ಯಾವ ಸಾಲ ನಮೂದಾಗಿದೆ? ತೀರಿಸಿದ ಸಾಲವನ್ನು ತೆಗೆಸಿದ್ದೇವೆಯೆ?
3. ಪ್ರತಿ ತಿಂಗಳೂ ತಪ್ಪದೆ ಬರುವ ವರಮಾನ ನಮಗೆ ಎಷ್ಟಿದೆ?

ಉತ್ತರ ಹೊಳೆಯದಿದ್ದರೆ ಕಾಗದಗಳ ಸಮೇತ ಪಂಚಾಯಿತಿ ಕಚೇರಿಗೆ ಬನ್ನಿ, ಕೂತು ನೋಡೋಣ.

— ನಿಮ್ಮ ಗ್ರಾಮ ಸೇವಕ